ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ಷಮಾಪತ್ರ, ದಂಡ ಮತ್ತು ಇಬ್ಭಾಗವಾದ ಚರ್ಚು

ಅಕ್ಟೋಬರ್ 31 ಮತಸುಧಾರಣೆಯ, ಅಂದರೆ ಜರ್ಮನಿಯಲ್ಲಿ ಮಾರ್ಟಿನ್ ಲೂಥರ್ ಶುರುಮಾಡಿ ಪ್ರೊಟೆಸ್ಟೆಂಟ್ ಸಭೆಗಳಿಗೆ ಕಾರಣವಾದ ಚಳವಳಿಯ ದಿನ. ನವೆಂಬರ್ 2 ಕ್ಯಾಥೊಲಿಕರು ಸತ್ತವರನ್ನು ನೆನೆಯುವ ದಿನ. ಈ ಎರಡರ ಆಸುಪಾಸಿನಲ್ಲಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹಲವು ಇಂಡಲ್ಜೆನ್ಸ್ (ಪಾಪದ ದಂಡದ ಮನ್ನಾ, ವಾಡಿಕೆಯಲ್ಲಿ ಕ್ಷಮಾಪತ್ರ) ಬಗ್ಗೆಯೇ ಇದ್ದವು. ಒಂದಕ್ಕೊಂದು ತಗುಲಿಕೊಂಡ ಪ್ರಶ್ನೆಗಳಾದ್ದರಿಂದ ಒಟ್ಟಿಗೇ ಉತ್ತರಿಸಿದ್ದೇವೆ.

ಮತಸುಧಾರಣೆಯ ಪಾಠ ಮಾಡುವಾಗ ‘ಚರ್ಚು ದುಡ್ಡು ತೆಗೆದುಕೊಂಡು ಪಾಪ ಕ್ಷಮಿಸುವ ಪತ್ರ ಮಾರುತ್ತಿತ್ತು’ ಎಂದು ಹೇಳಿ ಮುಂದಕ್ಕೆ ಹೋಗುತ್ತೇವೆ. ಒಬ್ಬ ಹುಡುಗಿ ಎದ್ದು ನಿಂತು, ‘ನಾಳೆ ಮಾಡೋ ಪಾಪಕ್ಕೂ ಇವತ್ತೇ ದುಡ್ಡು ಕಟ್ಟಬಹುದಿತ್ತಾ ಸಾರ್?’ ಅಂದಳು. ಏನು ಹೇಳಲಿ?
— ಪ್ರೌಢಶಾಲಾ ಶಿಕ್ಷಕರು, ಮಧುಗಿರಿ

ಇಲ್ಲ ಎಂದೇ ಹೇಳಿ ಮೇಷ್ಟ್ರೇ. ಮುಂದೆ ಮಾಡುವ ಪಾಪಕ್ಕೆ ಮುಂಗಡ ಕ್ಷಮೆ ಎಂಬ ಬೋಧನೆ ಕ್ಯಾಥೊಲಿಕ್ ಚರ್ಚಿನಲ್ಲಿ ಯಾವ ಕಾಲಕ್ಕೂ ಇರಲಿಲ್ಲ. ಆದರೆ ಹುಡುಗಿಯ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಐನೂರು ವರ್ಷದ ಹಿಂದೆ ಜರ್ಮನಿಯ ಜನರೂ ಹಾಗೇ ತಿಳಿದಿದ್ದರು, ಅದಕ್ಕೆ ಕಾರಣವೂ ಇತ್ತು.

ಮೊದಲು ದೋಷ ಬೇರೆ, ದಂಡ ಬೇರೆ ಎಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು. ಒಬ್ಬ ತನ್ನ ದನಗಳನ್ನು ಪಕ್ಕದವನ ರಾಗಿ ಹೊಲಕ್ಕೆ ಬಿಟ್ಟ ಎನ್ನಿ. ಆಮೇಲೆ ಹೋಗಿ ‘ತಪ್ಪಾಯಿತು’ ಎಂದ. ಹೊಲದವನೂ ಮನಸಾರೆ ಕ್ಷಮಿಸಿದ. ಮನಸ್ತಾಪ ಮುಗಿಯಿತು, ಮೇಯ್ದುಹೋದ ಪೈರಿನ ನಷ್ಟ ಉಳಿಯಿತು. ಕ್ಯಾಥೊಲಿಕ್ ಬೋಧನೆಯ ಪ್ರಕಾರ ದೋಷಕ್ಕೆ ಕ್ಷಮೆ ಸಿಗುವುದು ಪಶ್ಚಾತ್ತಾಪ ಮತ್ತು ಪಾಪನಿವೇದನೆಯಿಂದ, ಅಂದರೆ ಪಾದ್ರಿಯ ಮುಂದೆ ಪಾಪ ಹೇಳಿಕೊಳ್ಳುವುದರಿಂದ. ಕ್ಷಮೆಯಾದ ಮೇಲೂ ಉಳಿಯುವ ತಾತ್ಕಾಲಿಕ ದಂಡವನ್ನು ಬದುಕಿದ್ದಾಗ ಪ್ರಾಯಶ್ಚಿತ್ತದಿಂದ ತೀರಿಸಬೇಕು, ತೀರದಿದ್ದರೆ ಸತ್ತ ಮೇಲೆ ಶುದ್ಧೀಕರಣ ಸ್ಥಳದಲ್ಲಿ ತೀರಬೇಕು. ಈ ದಂಡವನ್ನು ಮಾತ್ರ, ಕ್ರಿಸ್ತ ಮತ್ತು ಸಂತರ ಪುಣ್ಯಭಂಡಾರದ ಬಲದಿಂದ, ಚರ್ಚು ಮನ್ನಾ ಮಾಡುವುದೇ ಇಂಡಲ್ಜೆನ್ಸ್. ಕನ್ನಡದಲ್ಲಿ ದಂಡವಿಮೋಚನೆ ಎನ್ನಬಹುದು.

ಇದು ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಹಳೆಯ ಚರ್ಚಿನಲ್ಲಿ ಕೊಲೆ, ವ್ಯಭಿಚಾರದಂಥ ಪಾಪಗಳಿಗೆ ವರ್ಷಗಟ್ಟಲೆ ಬಹಿರಂಗ ಪ್ರಾಯಶ್ಚಿತ್ತ ಇರುತ್ತಿತ್ತು. ಐರ್ಲೆಂಡಿನ ಸನ್ಯಾಸಿಗಳು ಯಾವ ಪಾಪಕ್ಕೆ ಎಷ್ಟು ದಿನ ಬರೀ ರೊಟ್ಟಿ ನೀರಿನ ಉಪವಾಸ ಎಂದು ಕೈಪಿಡಿಗಳನ್ನೇ ಬರೆದಿಟ್ಟರು. ದೀರ್ಘ ಉಪವಾಸದ ಬದಲು ಕೀರ್ತನೆಗಳ ಪಠಣ, ಯಾತ್ರೆ, ದಾನ ಮಾಡಬಹುದು ಎಂಬ ವಿನಿಮಯ ಬಂದದ್ದು ಅಲ್ಲಿಂದಲೇ. 1095ರಲ್ಲಿ ಕ್ಲೆರ್ಮಾಂಟ್ ಸಭೆಯಲ್ಲಿ ಪೋಪ್ 2ನೇ ಅರ್ಬನ್, ಭಕ್ತಿಯಿಂದ ಜೆರುಸಲೇಮಿನ ದಂಡಯಾತ್ರೆಗೆ ಹೊರಟವರಿಗೆ ಆ ಪಯಣವೇ ಪೂರ್ತಿ ಪ್ರಾಯಶ್ಚಿತ್ತ ಎಂದರು. 1343ರಲ್ಲಿ 6ನೇ ಕ್ಲೆಮೆಂಟ್ ಪುಣ್ಯಭಂಡಾರದ ತತ್ತ್ವವನ್ನು ಆಜ್ಞಾಪತ್ರದಲ್ಲಿ ಬರೆಸಿದರು. 1476ರಲ್ಲಿ 4ನೇ ಸಿಕ್ಸ್ಟಸ್ ಇದನ್ನು ಸತ್ತವರಿಗೂ ಅನ್ವಯಿಸಿದರು. ತೀರಿಹೋದ ಅಪ್ಪ ಅಮ್ಮನ ಹೆಸರಲ್ಲಿ ಕೊಡಬಹುದು ಎಂದಾದ ಮೇಲೆ ಬೇಡಿಕೆ ಎಷ್ಟು ಏರಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಹುಡುಗಿಯ ಪ್ರಶ್ನೆ. ಆಗ ಮಾರಾಟಕ್ಕಿದ್ದ ಕಾಗದಗಳಲ್ಲಿ ‘ಪಾಪನಿವೇದನಾ ಪತ್ರ’ ಎಂಬ ಒಂದು ಬಗೆ ಇತ್ತು. ಅದನ್ನು ಇಟ್ಟುಕೊಂಡವನು ಮುಂದೆ ತನಗೆ ಬೇಕಾದ ಗುರುವಿನ (ಪಾದ್ರಿಯ) ಬಳಿ ಹೋಗಿ, ಮಾಮೂಲಾಗಿ ಬಿಷಪ್ ಅಥವಾ ಪೋಪ್ ಮಾತ್ರ ಕ್ಷಮಿಸಬಹುದಾದ ಪಾಪಕ್ಕೂ ಕ್ಷಮೆ ಕೇಳಬಹುದಿತ್ತು. ಪಶ್ಚಾತ್ತಾಪ, ನಿವೇದನೆ ಎರಡೂ ಆಗಲೂ ಬೇಕೇ ಬೇಕು. ಆದರೆ ಕಾಗದ ಇವತ್ತು ಕೊಂಡದ್ದು, ಪಾಪ ನಾಳೆಯದು. ಹಳ್ಳಿಯ ಜನ ಅದನ್ನು ಮುಂಗಡ ಪರವಾನಗಿ ಎಂದುಕೊಂಡರೆ ಅವರನ್ನು ದೂರುವಂತಿಲ್ಲ. ತಿದ್ದಿ ಹೇಳಬೇಕಾಗಿದ್ದ ಬೋಧಕರೇ ಸುಮ್ಮನಿದ್ದರು.

ತರಗತಿಗೆ ಇನ್ನೊಂದು ಮಾತು. ಯೂರೋಪಿನ ಅಚ್ಚಿನ ಇತಿಹಾಸದಲ್ಲಿ ಗುಟೆನ್‌ಬರ್ಗನ ಬೈಬಲ್ಲನ್ನು ಎಲ್ಲರೂ ಹೇಳುತ್ತಾರೆ. ಅದೇ ಹೊತ್ತಿಗೆ, 1454–55ರಲ್ಲಿ, ತುರ್ಕರ ವಿರುದ್ಧ ಸೈಪ್ರಸ್ ರಕ್ಷಣೆಗೆ ಹಣ ಕೂಡಿಸುವ ಇಂಡಲ್ಜೆನ್ಸ್ ಪತ್ರಗಳೂ ಮೈನ್ಜ್‌ನಲ್ಲಿ ಅಚ್ಚಾದವು. ಹೆಸರು, ತಾರೀಖು ತುಂಬಲು ಜಾಗ ಖಾಲಿ ಬಿಟ್ಟ, ಇಂದಿನ ರಸೀದಿ ಪುಸ್ತಕದಂಥ ನಮೂನೆ. ಕೈಬರಹದಲ್ಲಿ ಇದ್ದಿದ್ದರೆ ಇಷ್ಟು ದೊಡ್ಡ ವ್ಯವಹಾರ ನಡೆಯುತ್ತಲೇ ಇರಲಿಲ್ಲ.

1517ರ ಮಾರಾಟದ ಹಣ ಪೂರ್ತಿ ರೋಮಿಗೆ, ಸಂತ ಪೇತ್ರರ ದೇವಾಲಯ ಕಟ್ಟುವುದಕ್ಕೆ ಹೋಯಿತು ಎಂದು ಒಂದು ಗೈಡಿನಲ್ಲಿದೆ. ಅರ್ಧ ಬ್ಯಾಂಕಿಗೆ ಹೋಯಿತು ಎಂದು ಇನ್ನೊಂದರಲ್ಲಿದೆ. ಯಾವುದು ಸರಿ? ಯಾರ್ಯಾರಿಗೆ ಎಷ್ಟು ದರ ಇತ್ತು?
— ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ, ಚಿಂತಾಮಣಿ

ಎರಡನೇ ಗೈಡು ಸರಿ. ವ್ಯವಹಾರ ಹೀಗೆ ನಡೆಯಿತು.

ಬ್ರಾಂಡೆನ್‌ಬರ್ಗಿನ ಆಲ್ಬರ್ಟ್ 1490ರಲ್ಲಿ ಹುಟ್ಟಿದವನು. 1513ರಲ್ಲಿ ಮಾಗ್ಡೆಬರ್ಗಿನ ಆರ್ಚ್‌ಬಿಷಪ್ ಆದ, ಜೊತೆಗೆ ಹಾಲ್ಬರ್‌ಸ್ಟಾಟ್ ಧರ್ಮಪ್ರಾಂತ್ಯದ ಆಡಳಿತವೂ ಸಿಕ್ಕಿತು. 1514ರಲ್ಲಿ ಮೈನ್ಜ್‌ನ ಆರ್ಚ್‌ಬಿಷಪ್ ಪದವಿಗೂ ಆಯ್ಕೆಯಾದ. ಮೈನ್ಜ್ ಎಂದರೆ ಚಕ್ರವರ್ತಿಯನ್ನು ಆರಿಸುವ 7 ಮತಗಳಲ್ಲಿ ಒಂದು. ಆದರೆ ಬಿಷಪ್ ಆಗಲು ಚರ್ಚ್ ಕಾನೂನಿನಂತೆ 30 ವರ್ಷ ತುಂಬಬೇಕು, ಒಬ್ಬನಿಗೆ ಹೀಗೆ ಹಲವು ಧರ್ಮಪ್ರಾಂತ್ಯಗಳೂ ಇರುವಂತಿಲ್ಲ. ಎರಡಕ್ಕೂ ಪೋಪ್ 10ನೇ ಲಿಯೊ ವಿನಾಯಿತಿ ಕೊಡಬೇಕಾಗಿತ್ತು. ಅದಕ್ಕೆ 10,000 ಡಕಟ್ (ಚಿನ್ನದ ನಾಣ್ಯ) ಬೆಲೆ ಗೊತ್ತಾಯಿತು, ಪದವಿಯ ಮಾಮೂಲು ಶುಲ್ಕ ಬೇರೆ. ಅಷ್ಟು ಹಣ ಆಲ್ಬರ್ಟ್‌ನ ಕೈಯಲ್ಲಿ ಇರಲಿಲ್ಲ. ಔಗ್ಸ್‌ಬರ್ಗಿನ ಫುಗ್ಗರ್ ಸಾಹುಕಾರರಿಂದ ಸಾಲ ತಂದ.

ಸಾಲ ತೀರಿಸುವ ದಾರಿಯನ್ನೂ ರೋಮೇ ತೋರಿಸಿತು. 1506ರಲ್ಲಿ ಅಡಿಗಲ್ಲು ಹಾಕಿದ್ದ ಸಂತ ಪೇತ್ರರ ದೇವಾಲಯದ ಹೆಸರಲ್ಲಿ, ಆಲ್ಬರ್ಟ್‌ನ ಸೀಮೆಗಳಲ್ಲಿ 8 ವರ್ಷ ಇಂಡಲ್ಜೆನ್ಸ್ ಸಾರಲು 1515ರಲ್ಲಿ ಆಜ್ಞಾಪತ್ರ ಹೊರಟಿತು. ಬಂದದ್ದರಲ್ಲಿ ಅರ್ಧ ದೇವಾಲಯಕ್ಕೆ, ಅರ್ಧ ಫುಗ್ಗರ್‌ಗಳ ಸಾಲಕ್ಕೆ. ಬೋಧಕರ ಜೊತೆಯಲ್ಲಿ ಫುಗ್ಗರ್ ಗುಮಾಸ್ತರೂ ಹೋಗುತ್ತಿದ್ದರು. ಜನರಿಗೆ ಹೇಳಿದ್ದು ಮಾತ್ರ ದೇವಾಲಯದ ವಿಷಯವೊಂದನ್ನೇ. ಸಾಲದ ಒಪ್ಪಂದ ಈ ಮಾರಾಟವನ್ನು ಪ್ರಶ್ನಿಸಿದ ವಿಟೆನ್‌ಬರ್ಗಿನ ಸನ್ಯಾಸಿ, ಪ್ರಾಧ್ಯಾಪಕ ಲೂಥರ್‌ಗೂ ಆಗ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಆತ ತನ್ನ ದೂರಿನ ಪತ್ರವನ್ನು ಇದೇ ಆಲ್ಬರ್ಟ್‌ಗೆ ಕಳಿಸಿದ.

ದರಪಟ್ಟಿ ಆಲ್ಬರ್ಟ್‌ನ ಹೆಸರಲ್ಲಿ ಬೋಧಕರಿಗೆ ಕೊಟ್ಟ ಸೂಚನಾಪತ್ರದಲ್ಲಿದೆ. ರಾಜ ರಾಣಿಯರು, ಆರ್ಚ್‌ಬಿಷಪ್, ಬಿಷಪ್‌ಗಳು ಕನಿಷ್ಠ 25 ರೈನ್ ಗಿಲ್ಡರ್ ಚಿನ್ನದ ನಾಣ್ಯ ಕೊಡಬೇಕು. ಮಠಾಧಿಪತಿಗಳು, ಕೌಂಟ್, ಬ್ಯಾರನ್‌ಗಳು 10. ವರ್ಷಕ್ಕೆ 500 ಗಿಲ್ಡರ್ ವರಮಾನ ಇರುವವರು 6, ಸುಮಾರು 200 ವರಮಾನದ ಪೇಟೆಯವರು ಮತ್ತು ವ್ಯಾಪಾರಿಗಳು 3, ಸಂಸಾರವಿರುವ ಕುಶಲಕರ್ಮಿಗಳು 1, ಅವರಿಗಿಂತ ಬಡವರು ಅರ್ಧ. ಏನೂ ಇಲ್ಲದವರು ಪ್ರಾರ್ಥನೆ ಉಪವಾಸಗಳಿಂದಲೇ ಪಡೆಯಬಹುದು. ಸ್ವರ್ಗದ ರಾಜ್ಯ ಶ್ರೀಮಂತರಷ್ಟೇ ಬಡವರಿಗೂ ತೆರೆದಿರಬೇಕು ಎಂದು ಅಲ್ಲೇ ಬರೆದಿದೆ. ಈ ಕೊನೆಯ ಸಾಲನ್ನು ಗೈಡುಗಳು ಬಿಟ್ಟುಬಿಡುತ್ತವೆ. ಬಿಡಬಾರದು.

ಆದರೆ ಅದೇ ಸೂಚನಾಪತ್ರದ ಇನ್ನೊಂದು ಸಾಲು ಎಲ್ಲವನ್ನೂ ಕೆಡಿಸಿತು. ಸತ್ತವರಿಗಾಗಿ ಹಣ ಹಾಕುವವನು ಪಶ್ಚಾತ್ತಾಪ ಪಡಬೇಕಿಲ್ಲ, ಪಾಪನಿವೇದನೆ ಮಾಡಬೇಕಿಲ್ಲ, ಪೆಟ್ಟಿಗೆಗೆ ಹಣ ಹಾಕಿದರೆ ಸಾಕು ಎಂದು ಅದರಲ್ಲಿತ್ತು. ತಮಗಾಗಿ ಪಡೆಯುವವರಿಗೆ ಇದ್ದ ಬೇಲಿ ಸತ್ತವರ ವಿಷಯದಲ್ಲಿ ಬಿದ್ದುಹೋಯಿತು, ಉಳಿದದ್ದು ಬರೀ ಹಣ. ಡೊಮಿನಿಕನ್ ಬೋಧಕ ಯೋಹಾನ್ ಟೆಟ್ಜೆಲ್ ಊರಿಗೆ ಬಂದರೆ ಆಜ್ಞಾಪತ್ರವನ್ನು ಮೆರವಣಿಗೆಯಲ್ಲಿ ತಂದು, ಚರ್ಚಿನ ನಡುವೆ ಕೆಂಪು ಶಿಲುಬೆ ನಿಲ್ಲಿಸಿ, ಪಕ್ಕದಲ್ಲಿ ಪೆಟ್ಟಿಗೆ ಇಡುತ್ತಿದ್ದರು. ಸ್ಯಾಕ್ಸನಿಯ ಅರಸ ಫ್ರೆಡರಿಕ್ ತನ್ನ ಸೀಮೆಯೊಳಗೆ ಬಿಡಲಿಲ್ಲವಾದ್ದರಿಂದ ಟೆಟ್ಜೆಲ್ ಗಡಿಯಾಚೆಯ ಯೂಟರ್‌ಬೋಗ್‌ನಲ್ಲಿ ಬೀಡುಬಿಟ್ಟ. ವಿಟೆನ್‌ಬರ್ಗಿನ ಜನ ಅಲ್ಲಿಗೆ ನಡೆದುಹೋಗಿ ಪತ್ರ ತಂದು ಪಾಪನಿವೇದನೆಯ ಹೊತ್ತಿಗೆ ಲೂಥರ್ ಮುಂದೆ ಹಿಡಿದರು. ಫ್ರೆಡರಿಕ್ ತಡೆದದ್ದು ಬರೀ ಧರ್ಮಶ್ರದ್ಧೆಯಿಂದಲ್ಲ. ಅವನದೇ ವಿಟೆನ್‌ಬರ್ಗ್ ಕೋಟೆ ಚರ್ಚಿನಲ್ಲಿ ಸಂತರ ಅವಶೇಷಗಳ ದೊಡ್ಡ ಸಂಗ್ರಹವಿತ್ತು, ಅದರ ದರ್ಶನಕ್ಕೂ ಇಂಡಲ್ಜೆನ್ಸ್ ಇತ್ತು. ತನ್ನ ಪ್ರಜೆಗಳ ದುಡ್ಡು ಎದುರಾಳಿಯಾದ ಆಲ್ಬರ್ಟ್‌ನ ಮನೆತನದ ಕೈ ಸೇರುವುದು ಅವನಿಗೆ ಬೇಡವಾಗಿತ್ತು.

ಅಜ್ಜಿಯ ಹಳೆಯ ಜಪದ ಪುಸ್ತಕದಲ್ಲಿ ಒಂದೊಂದು ಪ್ರಾರ್ಥನೆಯ ಕೆಳಗೆ ‘300 ದಿನ’, ‘7 ವರ್ಷ’ ಎಂದು ಅಚ್ಚಾಗಿದೆ. ಅಷ್ಟು ದಿನ ಶುದ್ಧೀಕರಣ ಸ್ಥಳದಲ್ಲಿ ಕಡಿಮೆ ಆಗುತ್ತದೆಂದು ಅರ್ಥವೇ?
— ಗುಬ್ಬಿ

ಅಲ್ಲ. ತುಂಬಾ ಜನ ಹಾಗೇ ತಿಳಿದಿದ್ದರು, ಅದೇ ಆ ಅಂಕಿಗಳ ತೊಂದರೆ. ಮೊದಲ ಉತ್ತರದಲ್ಲಿ ಹೇಳಿದ ಪುರಾತನ ಪ್ರಾಯಶ್ಚಿತ್ತವನ್ನು 300 ದಿನ ಮಾಡಿದ್ದರೆ ಎಷ್ಟು ದಂಡ ತೀರುತ್ತಿತ್ತೋ ಅಷ್ಟು ಈ ಪ್ರಾರ್ಥನೆಯಿಂದ ತೀರುತ್ತದೆ ಎಂಬುದು ಅದರ ಅರ್ಥ. ಪರಲೋಕದ ಕ್ಯಾಲೆಂಡರಿಗೂ ಅದಕ್ಕೂ ಸಂಬಂಧವಿಲ್ಲ. 1967ರ ಜನವರಿ 1ರಂದು ಪೋಪ್ 6ನೇ ಪಾಲ್ ನಿಯಮಗಳನ್ನು ತಿದ್ದಿ ದಿನ, ವರ್ಷಗಳ ಲೆಕ್ಕವನ್ನೇ ತೆಗೆದುಹಾಕಿದರು. ಮರುವರ್ಷ ಹೊಸ ಅಧಿಕೃತ ಪಟ್ಟಿ ಬಂತು. ಈಗ ಇರುವುದು ಪೂರ್ಣ ಮತ್ತು ಭಾಗಶಃ ಎಂಬ ಎರಡೇ ಬಗೆ. ಪುಸ್ತಕವನ್ನು ಜೋಪಾನ ಮಾಡಿ, ಪ್ರಾರ್ಥನೆಗಳನ್ನೂ ಹೇಳಿ, ಅಂಕಿಯನ್ನು ಬಿಟ್ಟುಬಿಡಿ.

ಲೂಥರ್ ಚರ್ಚಿನ ಬಾಗಿಲಿಗೆ ಮೊಳೆ ಹೊಡೆದು ಪೋಪರ ವಿರುದ್ಧ ಬಂಡೆದ್ದರು ಎಂದು ನಮ್ಮ ಯುವಜನ ಕೂಟದಲ್ಲಿ ನಾಟಕ ಮಾಡುತ್ತಿದ್ದೇವೆ. ಆ ದೃಶ್ಯ ನಿಜವೇ? ಬರೀ ಈ ಪತ್ರದ ಜಗಳಕ್ಕೆ ಚರ್ಚು ಎರಡಾಯಿತೆ?
— ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟೆಂಟ್) ಸಭೆಯ ಯುವಕ, ತುಮಕೂರು

ಪತ್ರ ಕಳಿಸಿದ್ದು ನಿಜ, ಮೊಳೆಯ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. 1517ರ ಅಕ್ಟೋಬರ್ 31ರಂದು ಲೂಥರ್ 95 ವಾದಸೂತ್ರಗಳನ್ನು ಪತ್ರದ ಜೊತೆ ಆಲ್ಬರ್ಟ್‌ಗೆ ಕಳಿಸಿದ. ವಿಶ್ವವಿದ್ಯಾಲಯದ ನೋಟಿಸುಗಳನ್ನು ಚರ್ಚಿನ ಬಾಗಿಲಿಗೆ ಹಚ್ಚುವ ಪದ್ಧತಿ ವಿಟೆನ್‌ಬರ್ಗಿನಲ್ಲಿ ಇದ್ದದ್ದರಿಂದ ಹಚ್ಚಿದ್ದರೂ ಅದು ಬಂಡಾಯದ ಗುರುತಲ್ಲ, ಚರ್ಚೆಗೆ ಕರೆ. ನಾಟಕಕ್ಕೆ ಸುತ್ತಿಗೆ ಬೇಕಾದರೆ ಇಟ್ಟುಕೊಳ್ಳಿ, ಬೀದಿಯ ಜನ ಸುತ್ತ ನಿಂತು ಓದಿ ಜಯಕಾರ ಹಾಕುವ ದೃಶ್ಯ ತೆಗೆದುಬಿಡಿ. ಸೂತ್ರಗಳಿದ್ದದ್ದು ಲ್ಯಾಟಿನ್ನಿನಲ್ಲಿ. ಜನರ ಕೈಗೆ ನಿಜವಾಗಿ ತಲುಪಿದ್ದು 1518ರಲ್ಲಿ ಲೂಥರ್ ಸರಳ ಜರ್ಮನ್ನಿನಲ್ಲಿ ಇದೇ ವಿಷಯದ ಮೇಲೆ ಬರೆದ ಚಿಕ್ಕ ಧರ್ಮಬೋಧನೆ. ಅದು ಮತ್ತೆ ಮತ್ತೆ ಅಚ್ಚಾಯಿತು.

ಸೂತ್ರಗಳನ್ನು ಒಮ್ಮೆ ಪೂರ್ತಿ ಓದಿದರೆ ನಾಟಕದ ಸಂಭಾಷಣೆಯೇ ಬದಲಾಗುತ್ತದೆ. ಮೊದಲನೆಯದು ದುಡ್ಡಿನ ಮಾತೇ ಅಲ್ಲ: ಪಶ್ಚಾತ್ತಾಪ ಪಡಿರಿ ಎಂದು ಕ್ರಿಸ್ತ ಹೇಳಿದಾಗ ವಿಶ್ವಾಸಿಯ ಇಡೀ ಬದುಕೇ ಪಶ್ಚಾತ್ತಾಪವಾಗಿರಬೇಕೆಂಬುದು ಆತನ ಇಚ್ಛೆ ಎನ್ನುತ್ತದೆ. 27ನೆಯದು, ಪೆಟ್ಟಿಗೆಯಲ್ಲಿ ನಾಣ್ಯ ಸದ್ದು ಮಾಡಿದೊಡನೆ ಆತ್ಮ ಹಾರಿಹೋಗುತ್ತದೆ ಎಂಬ ಬೋಧನೆ ಮನುಷ್ಯರದೇ ಹೊರತು ದೇವರದಲ್ಲ ಎನ್ನುತ್ತದೆ. 35ನೆಯದು, ಸತ್ತವರಿಗಾಗಿ ಹಣ ಹಾಕುವವನಿಗೆ ಪಶ್ಚಾತ್ತಾಪ ಬೇಕಿಲ್ಲ ಎಂಬ ಸೂಚನಾಪತ್ರದ ಸಾಲಿಗೆ ನೇರವಾಗಿ ಹೊಡೆದ ಪೆಟ್ಟು. 43ರಲ್ಲಿ ಪತ್ರ ಕೊಳ್ಳುವುದಕ್ಕಿಂತ ಬಡವರಿಗೆ ಕೊಡುವುದು, ಕಷ್ಟದಲ್ಲಿರುವವರಿಗೆ ಸಾಲ ಕೊಡುವುದು ಮೇಲು ಎಂದಿದೆ. 86ರಲ್ಲಿ, ಅಷ್ಟು ಸಿರಿವಂತರಾದ ಪೋಪ್ ಬಡ ವಿಶ್ವಾಸಿಗಳ ಹಣದ ಬದಲು ಸ್ವಂತ ಹಣದಿಂದ ಏಕೆ ಕಟ್ಟಬಾರದು ಎಂದು ಜನ ಕೇಳುತ್ತಿದ್ದಾರೆ ಎಂದಿದೆ. ಆದರೆ 71ನೆಯದನ್ನು ನೋಡಿ: ಪೋಪರ ಇಂಡಲ್ಜೆನ್ಸಿನ ಸತ್ಯದ ವಿರುದ್ಧ ಮಾತಾಡುವವನಿಗೆ ಶಾಪ ತಟ್ಟಲಿ! 1517ರ ಲೂಥರ್ ಇಂಡಲ್ಜೆನ್ಸನ್ನೇ ನಿರಾಕರಿಸಿರಲಿಲ್ಲ, ಶುದ್ಧೀಕರಣ ಸ್ಥಳವನ್ನೂ ನಿರಾಕರಿಸಿರಲಿಲ್ಲ.

ಒಡಕು ತಂದದ್ದು ಮುಂದಿನ ನಾಲ್ಕು ವರ್ಷ. ರೋಮಿನಿಂದ ಉತ್ತರ ಬರೆದ ಪೋಪರ ಧರ್ಮಶಾಸ್ತ್ರಜ್ಞ ಪ್ರಿಯೆರಿಯಾಸ್ ದಂಡದ ಚರ್ಚೆ ಬಿಟ್ಟು ‘ಪೋಪರ ಅಧಿಕಾರವನ್ನು ನೀನು ಪ್ರಶ್ನಿಸಬಹುದೇ’ ಎಂದು ವಿಷಯ ತಿರುಗಿಸಿದ. 1518ರ ಅಕ್ಟೋಬರಿನಲ್ಲಿ ಔಗ್ಸ್‌ಬರ್ಗಿನಲ್ಲಿ ಕಾರ್ಡಿನಲ್ ಕಯೆತಾನ್ ಮಾತು ಹಿಂತೆಗೆದುಕೋ ಎಂದ, ಲೂಥರ್ ಒಪ್ಪಲಿಲ್ಲ. 1519ರ ಲೈಪ್‌ಜಿಗ್ ವಾದದಲ್ಲಿ ಯೋಹಾನ್ ಎಕ್ ಎಂಬ ಚತುರ ವಿದ್ವಾಂಸ ಒಂದೊಂದೇ ಪ್ರಶ್ನೆ ಹಾಕಿ, ಬೊಹೀಮಿಯಾದ ಸುಧಾರಕ ಯಾನ್ ಹುಸ್‌ನನ್ನು ಸುಡಿಸಿದ ಕಾನ್‌ಸ್ಟನ್ಸ್ ಮಹಾಸಭೆಯೂ ತಪ್ಪಿರಬಹುದು ಎಂದು ಲೂಥರ್ ಬಾಯಿಂದಲೇ ಹೇಳಿಸಿದ. ಪೋಪರೂ ತಪ್ಪಬಹುದು, ಮಹಾಸಭೆಯೂ ತಪ್ಪಬಹುದು ಎಂದಾದರೆ ಕೊನೆಯ ಮಾತು ಯಾರದು? ಧರ್ಮಗ್ರಂಥದ್ದು ಎಂದ ಲೂಥರ್. ನಮ್ಮ ಅಭಿಪ್ರಾಯದಲ್ಲಿ ಚರ್ಚು ಒಡೆದದ್ದು ಈ ಜಾಗದಲ್ಲಿ, ಬಾಗಿಲ ಮುಂದೆ ಅಲ್ಲ. ನಿಮ್ಮ ನಾಟಕದ ಮುಖ್ಯ ಅಂಕ ಲೈಪ್‌ಜಿಗ್ ಆಗಬೇಕು.

ಆಮೇಲಿನದು ಬೇಗ ಬೇಗ ನಡೆಯಿತು. 1520ರ ಜೂನ್‌ನಲ್ಲಿ ಲೂಥರ್‌ನ 41 ಹೇಳಿಕೆಗಳನ್ನು ಖಂಡಿಸಿ 60 ದಿನ ಗಡುವು ಕೊಟ್ಟ ಆಜ್ಞಾಪತ್ರ. ಡಿಸೆಂಬರ್ 10ರಂದು ಲೂಥರ್ ಅದನ್ನು ಬೆಂಕಿಗೆ ಹಾಕಿದ್ದು. 1521ರ ಜನವರಿ 3ರಂದು ಬಹಿಷ್ಕಾರ. ಏಪ್ರಿಲ್‌ನಲ್ಲಿ ವೋರ್ಮ್ಸ್ ಸಭೆಯಲ್ಲಿ ಚಕ್ರವರ್ತಿ 5ನೇ ಚಾರ್ಲ್ಸ್ ಎದುರಿನ ನಿರಾಕರಣೆ. 1529ರಲ್ಲಿ ಸ್ಪೈಯರ್ ಸಭೆಯ ತೀರ್ಮಾನಕ್ಕೆ ಸುಧಾರಣಾಪರ ಅರಸರು ಮತ್ತು ನಗರಗಳು ಲಿಖಿತ ಪ್ರತಿಭಟನೆ ಸಲ್ಲಿಸಿದ್ದರಿಂದ ಪ್ರೊಟೆಸ್ಟೆಂಟ್ ಎಂಬ ಹೆಸರು ಬಂತು.

ಟೆಟ್ಜೆಲ್‌ನನ್ನು ಬರೀ ಖಳನಾಗಿ ತೋರಿಸಬೇಡಿ. 1519ರಲ್ಲಿ ಲೈಪ್‌ಜಿಗ್‌ನಲ್ಲಿ ಎಲ್ಲರೂ ಕೈಬಿಟ್ಟ ಸ್ಥಿತಿಯಲ್ಲಿ ಆತ ಸಾಯುತ್ತಿದ್ದಾಗ ಸಮಾಧಾನದ ಪತ್ರ ಬರೆದವನು ಲೂಥರ್. ಒಳ್ಳೆಯ ದೃಶ್ಯವಾಗುತ್ತದೆ.

ನಮ್ಮ ತಾಯಿಯವರನ್ನು ಕೆಜಿಎಫ್‌ನಲ್ಲಿ ಮಣ್ಣು ಮಾಡಿದ್ದೇವೆ. ನವೆಂಬರಿನಲ್ಲಿ ಸಮಾಧಿ ಭೇಟಿ ಮಾಡಿದರೆ ಪೂರ್ಣ ದಂಡವಿಮೋಚನೆ ಸಿಗುತ್ತದೆಂದು ಫಾದರ್ ಹೇಳಿದರು. ಕ್ರಮವಾಗಿ ಏನೇನು ಮಾಡಬೇಕು? ಎಷ್ಟು ಕಾಣಿಕೆ ಕೊಡಬೇಕು? ನನ್ನ ಅತ್ತಿಗೆ ಸಿಎಸ್‌ಐ, ಅವರು ಬರಬಹುದೇ? ಮಂಡಿ ನೋವಿನಿಂದ ಅಪ್ಪಾಜಿ ಮನೆ ಬಿಟ್ಟು ಬರಲಾರರು.
— ಗೃಹಿಣಿ, ಬಂಗಾರಪೇಟೆ

ಕಾಣಿಕೆಯ ಮಾತು ಮೊದಲು ಮುಗಿಸೋಣ ಅಮ್ಮ: ಒಂದು ರೂಪಾಯಿಯೂ ಇಲ್ಲ. ಹಣ ಕಟ್ಟಿ ಪಡೆಯುವ ಎಲ್ಲ ಇಂಡಲ್ಜೆನ್ಸ್‌ಗಳನ್ನೂ ಪೋಪ್ 5ನೇ ಪಿಯುಸ್ 1567ರಲ್ಲೇ ರದ್ದು ಮಾಡಿದರು. ಇದಕ್ಕೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ, ವಿಚಾರಣೆ ಗುರುಗಳಿಗೆ ತಿಳಿಸಿ.

ನವೆಂಬರ್ 1ರಿಂದ 8ರವರೆಗೆ ಯಾವ ದಿನವಾದರೂ ಸ್ಮಶಾನಕ್ಕೆ ಭಕ್ತಿಯಿಂದ ಹೋಗಿ ಸತ್ತವರಿಗಾಗಿ ಪ್ರಾರ್ಥಿಸಬೇಕು. ಮನಸ್ಸಿನಲ್ಲೇ ಪ್ರಾರ್ಥಿಸಿದರೂ ಸರಿ. ತಾಯಿಯವರ ಸಮಾಧಿ ಇರುವ ಸ್ಮಶಾನವೇ ಆಗಬೇಕೆಂದಿಲ್ಲ. ಕೆಜಿಎಫ್‌ಗೆ ಹೋಗಲಾಗದ ದಿನ ಬಂಗಾರಪೇಟೆಯಲ್ಲೇ ಮಾಡಬಹುದು. ಇದಲ್ಲದೆ ನವೆಂಬರ್ 2ರಂದು ದೇವಾಲಯಕ್ಕೆ ಹೋಗಿ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆ ಮತ್ತು ವಿಶ್ವಾಸ ಪ್ರಮಾಣ ಹೇಳುವುದು ಇನ್ನೊಂದು ದಾರಿ. ಎರಡರಿಂದ ಸಿಗುವುದೂ ಸತ್ತವರಿಗೆ ಮಾತ್ರ ಸಲ್ಲುತ್ತದೆ.

ಈ ಕೆಲಸದ ಜೊತೆ ನಾಲ್ಕು ಷರತ್ತುಗಳಿವೆ. ಪಾಪನಿವೇದನೆ ಆಗಿರಬೇಕು, ಅದೇ ದಿನ ಆಗಬೇಕೆಂದಿಲ್ಲ, ಸುಮಾರು 20 ದಿನ ಹಿಂದೆ ಮುಂದೆ ಆದರೂ ನಡೆಯುತ್ತದೆ. ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕರಿಸಬೇಕು. ಪೋಪರ ಉದ್ದೇಶಗಳಿಗಾಗಿ ಪ್ರಾರ್ಥಿಸಬೇಕು. ಒಂದು ‘ಪರಲೋಕದಲ್ಲಿರುವ’ ಮತ್ತು ಒಂದು ‘ನಮೋ ಮರಿಯಾ’ ಸಾಕು. ಪರಮಪ್ರಸಾದವೂ ಈ ಪ್ರಾರ್ಥನೆಯೂ ಅದೇ ದಿನ ಆದರೆ ಉತ್ತಮ. ನಾಲ್ಕನೆಯದೇ ಕಠಿಣ: ಚಿಕ್ಕ ಪಾಪವನ್ನೂ ಸೇರಿಸಿ ಯಾವ ಪಾಪದ ಮೇಲೂ ಮೋಹ ಉಳಿದಿರಬಾರದು. ಇದೊಂದು ಪೂರ್ಣವಾಗದಿದ್ದರೆ ಸಿಗುವುದು ಭಾಗಶಃ ಮಾತ್ರ. ಸ್ಮಶಾನಕ್ಕೆ ಹೋಗುವ ಮುನ್ನ ಯಾರ ಜೊತೆಗಾದರೂ ಮಾತು ಬಿಟ್ಟಿದ್ದರೆ ಅದನ್ನು ಸರಿಮಾಡಿಕೊಂಡು ಹೋಗಿ ಎಂದು ನಾವು ಹೇಳುವುದು ಇದಕ್ಕೇ.

ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಇಲ್ಲಿ. ಒಂದೇ ಪಾಪನಿವೇದನೆ ಎಂಟು ದಿನಕ್ಕೂ ಸಾಲುತ್ತದೆ ಎಂದು ಗೊತ್ತಿಲ್ಲದೆ ಕೆಲವರು ಮೊದಲ ದಿನಕ್ಕೇ ನಿಲ್ಲಿಸುತ್ತಾರೆ. ಆದರೆ ಪರಮಪ್ರಸಾದ ಮತ್ತು ಪೋಪರಿಗಾಗಿ ಪ್ರಾರ್ಥನೆ ಪ್ರತಿಯೊಂದಕ್ಕೂ ಬೇರೆ ಬೇರೆ ಆಗಬೇಕು. ದಿನಕ್ಕೆ ಪೂರ್ಣ ದಂಡವಿಮೋಚನೆ ಒಂದೇ. ಒಂದೇ ದಿನ ಮೂರು ಸ್ಮಶಾನ ಸುತ್ತಿದರೆ ಮೂರಾಗುವುದಿಲ್ಲ. ಬದುಕಿರುವ ಇನ್ನೊಬ್ಬರ ಹೆಸರಿಗೆ ಮಾಡಿಸಲಾಗದು. 2025ರ ಜೂಬಿಲಿ ವರ್ಷದ ವಿಶೇಷ ದಂಡವಿಮೋಚನೆ 2026ರ ಜನವರಿ 6ಕ್ಕೆ ಮುಗಿದಿದೆ. ಅದರ ಕರಪತ್ರ ಇನ್ನೂ ಫೋನಿನಲ್ಲಿ ಓಡಾಡುತ್ತಿದ್ದರೆ ನಂಬಬೇಡಿ.

ನವೆಂಬರ್ ತಪ್ಪಿದರೂ ದಾರಿ ಮುಚ್ಚಿಲ್ಲ. ಅರ್ಧ ಗಂಟೆ ಬೈಬಲ್ ಓದುವುದು, ದೇವಾಲಯದಲ್ಲಿ ಇಲ್ಲವೇ ಮನೆಮಂದಿಯೊಂದಿಗೆ ಹತ್ತತ್ತು ಮಣಿಗಳ ಐದು ಸುತ್ತಿನ ಜಪಸರ, ಅರ್ಧ ಗಂಟೆ ಪರಮಪ್ರಸಾದದ ಆರಾಧನೆ, ಶಿಲುಬೆಯ ಹಾದಿ: ಇವುಗಳಲ್ಲಿ ಯಾವುದನ್ನಾದರೂ ವರ್ಷದ ಯಾವ ದಿನವಾದರೂ ಇದೇ ಷರತ್ತುಗಳೊಂದಿಗೆ ಮಾಡಬಹುದು, ತಾಯಿಗೆ ಸಲ್ಲಿಸಬಹುದು.

ಅಪ್ಪಾಜಿಯವರ ವಿಷಯವನ್ನು ಗುರುಗಳಿಗೆ ಹೇಳಿ. ನಿಜವಾದ ಅಡ್ಡಿ ಇರುವವರಿಗೆ ಕೆಲಸವನ್ನೋ ಷರತ್ತನ್ನೋ ಬದಲಿಸಿ ಕೊಡುವ ಅಧಿಕಾರ ಪಾಪನಿವೇದನೆ ಕೇಳುವ ಗುರುಗಳಿಗೆ ಇದೆ. ಅತ್ತಿಗೆಯವರು ಧಾರಾಳವಾಗಿ ಬರಲಿ, ಹೂವು ಇಡಲಿ, ಮೇಣದ ಬತ್ತಿ ಹಚ್ಚಲಿ. ಅವರ ಸಭೆ ಶುದ್ಧೀಕರಣ ಸ್ಥಳವನ್ನು ಬೋಧಿಸುವುದಿಲ್ಲ, ಆದ್ದರಿಂದ ದಂಡವಿಮೋಚನೆಯ ಪ್ರಾರ್ಥನೆ ಹೇಳಿಸಲು ಒತ್ತಾಯ ಬೇಡ.

ಪೂಜೆ ಕಾಣಿಕೆ ಎಂದು ಚರ್ಚಿನಲ್ಲಿ ಹಣ ಕೊಟ್ಟು ಸತ್ತವರ ಹೆಸರು ಬರೆಸುತ್ತೇವಲ್ಲ, ಅದೂ ಹಳೆಯ ಮಾರಾಟವೇ ಅಲ್ಲವೇ?
— ಮುಳಬಾಗಿಲು

ನ್ಯಾಯವಾದ ಪ್ರಶ್ನೆ. ಚರ್ಚಿನ ಕಾನೂನೂ ಇದೇ ಅಪಾಯಕ್ಕೆ ಹೆದರಿದೆ. 947ನೇ ವಿಧಿ ಪೂಜೆಯ ಕಾಣಿಕೆಯಲ್ಲಿ ವ್ಯಾಪಾರದ ಛಾಯೆಯೂ ಇರಕೂಡದು ಎನ್ನುತ್ತದೆ. ಬಡವರು ಕಾಣಿಕೆ ಕೊಡದಿದ್ದರೂ ಅವರ ಉದ್ದೇಶಕ್ಕೆ ಬಲಿಪೂಜೆ ಅರ್ಪಿಸಬೇಕೆಂದು 945ನೇ ವಿಧಿ ಗುರುಗಳಿಗೆ ಬಲವಾಗಿ ಹೇಳುತ್ತದೆ. ಮೊತ್ತ ಗೊತ್ತುಮಾಡುವುದು ಆಯಾ ಪ್ರಾಂತ್ಯದ ಬಿಷಪ್‌ಗಳು. ಗುರುಗಳು ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಕಾಣಿಕೆ ಗುರುಗಳ ಮತ್ತು ಚರ್ಚಿನ ನಿರ್ವಹಣೆಗೆ ಹೋಗುತ್ತದೆ, ಅದರಿಂದ ದಂಡ ಮನ್ನಾ ಆಗುತ್ತದೆ ಎಂಬ ಭರವಸೆ ಇಲ್ಲ. ಸಿದ್ಧಾಂತದಲ್ಲಿ ವ್ಯತ್ಯಾಸ ಸ್ಪಷ್ಟ. ಆದರೂ ಹೆಸರಿಗೆ ಇಷ್ಟು ಎಂದು ಬೋರ್ಡು ನೇತುಹಾಕಿ, ‘ಹಣ ಇಲ್ಲದವರೂ ಬರೆಸಬಹುದು’ ಎಂಬ ಸಾಲನ್ನು ಬಿಟ್ಟರೆ ನೋಡುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ಆ ಸಾಲು ಬೋರ್ಡಿನಲ್ಲಿ ಇರಲೇಬೇಕು.

ನೆಂಟರ ಮನೆಯಲ್ಲಿ ಪೋಪರ ಚಿತ್ರವಿರುವ ಆಶೀರ್ವಾದ ಪತ್ರ ಕಟ್ಟುಹಾಕಿಸಿ ಇಟ್ಟಿದ್ದಾರೆ. ಹಣ ಕೊಟ್ಟು ತರಿಸಿದ್ದಂತೆ. ಅದು ಇಂಡಲ್ಜೆನ್ಸೇ?
— ಶ್ರೀನಿವಾಸಪುರ

ಅಲ್ಲ. ಮದುವೆ, ವಾರ್ಷಿಕೋತ್ಸವಗಳಿಗೆ ವ್ಯಾಟಿಕನ್ನಿನ ದಾನಧರ್ಮ ಕಚೇರಿಯಿಂದ ತರಿಸುವ ಪತ್ರ ಅದು. ಶುಲ್ಕ ಬಡವರ ನೆರವಿಗೆ ಹೋಗುತ್ತದೆ. ದಂಡಕ್ಕೂ ಅದಕ್ಕೂ ಸಂಬಂಧವಿಲ್ಲ.

ತುಮಕೂರಿನಲ್ಲಿ ಸಿಎಸ್‌ಐ, ಕೋಲಾರದಲ್ಲಿ ಮೆಥಡಿಸ್ಟ್, ಎಲ್ಲ ಕಡೆಯೂ ಕ್ಯಾಥೊಲಿಕ್. ಲೂಥರ್ ಒಬ್ಬರಿಂದ ಒಡೆದದ್ದಾದರೆ ನಮ್ಮ ಕಡೆ ಲೂಥರನ್ ಹೆಸರೇ ಹೆಚ್ಚು ಕೇಳಿಸುವುದಿಲ್ಲವೇಕೆ?
— ಗೌರಿಬಿದನೂರು

ನಮ್ಮ ಮೂರು ಜಿಲ್ಲೆಗಳಿಗೆ ಬಂದ ಪ್ರೊಟೆಸ್ಟೆಂಟ್ ಮಿಷನ್ನುಗಳು ಹೆಚ್ಚಾಗಿ ಇಂಗ್ಲಿಷ್ ಮತ್ತು ಅಮೆರಿಕನ್ ಮೂಲದವು. ಇಂಗ್ಲೆಂಡ್ ರೋಮಿನಿಂದ ಬೇರೆಯಾದದ್ದು 1534ರಲ್ಲಿ, 8ನೇ ಹೆನ್ರಿಯ ಮದುವೆ ಮತ್ತು ಅಧಿಕಾರದ ಜಗಳದಲ್ಲಿ; ಕ್ಷಮಾಪತ್ರ ಅಲ್ಲಿ ಮುಖ್ಯ ಕಾರಣವಲ್ಲ. ಆ ಇಂಗ್ಲಿಷ್ ಚರ್ಚಿನ ಒಳಗೇ 18ನೇ ಶತಮಾನದಲ್ಲಿ ಜಾನ್ ವೆಸ್ಲಿಯ ಮೆಥಡಿಸ್ಟ್ ಚಳವಳಿ ಹುಟ್ಟಿತು. 1738ರ ಮೇ 24ರ ಸಂಜೆ ಲಂಡನ್ನಿನ ಒಂದು ಕೂಟದಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಓದುವುದನ್ನು ಕೇಳಿ ವೆಸ್ಲಿಯ ಮನಸ್ಸು ತಿರುಗಿತು. ಲೂಥರ್ ನಮ್ಮ ಕಡೆಗೆ ಬಂದದ್ದು ಆ ಸುತ್ತುದಾರಿಯಿಂದ.

ತುಮಕೂರು, ಗುಬ್ಬಿ ಕಡೆ ಕೆಲಸ ಮಾಡಿದ್ದು ಬ್ರಿಟನ್ನಿನ ವೆಸ್ಲಿಯನ್ ಮಿಷನ್. ಗುಬ್ಬಿಯಲ್ಲಿ 1830ರ ದಶಕದಲ್ಲೇ ಅವರ ಠಾಣೆ ಇತ್ತು. ಚಿಕ್ಕಬಳ್ಳಾಪುರದಲ್ಲಿ ಆಸ್ಪತ್ರೆ ಕಟ್ಟಿದ್ದು ಲಂಡನ್ ಮಿಷನ್. ಕೋಲಾರದಲ್ಲಿ ಅಮೆರಿಕನ್ ಮೆಥಡಿಸ್ಟರು; ಅಲ್ಲಿನ ಇಟಿಸಿಎಂ ಆಸ್ಪತ್ರೆ ಅವರದೇ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಬ್ರಿಟಿಷ್ ಮೆಥಡಿಸ್ಟ್ ಮತ್ತು ಲಂಡನ್ ಮಿಷನ್ ಸಭೆಗಳೂ ಸೇರಿದ್ದ ದಕ್ಷಿಣ ಭಾರತ ಐಕ್ಯ ಸಭೆ ಒಂದಾಗಿ ಸಿಎಸ್‌ಐ ಆಯಿತು. ಅಮೆರಿಕನ್ ಮೆಥಡಿಸ್ಟರು ಸೇರಲಿಲ್ಲ. ಹಾಗಾಗಿ ತುಮಕೂರು, ಚಿಕ್ಕಬಳ್ಳಾಪುರದ ಹಳೆಯ ಸಭೆಗಳು ಸಿಎಸ್‌ಐ, ಕೋಲಾರದ್ದು ಮೆಥಡಿಸ್ಟ್. ಕ್ಯಾಥೊಲಿಕರ ಮಟ್ಟಿಗೆ ಮೂರೂ ಜಿಲ್ಲೆ ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿವೆ.

ಇಂಡಲ್ಜೆನ್ಸ್ ವಿಷಯದಲ್ಲಿ ಮೆಥಡಿಸ್ಟರ ನಿಲುವು ಬರಹದಲ್ಲೇ ಇದೆ. ವೆಸ್ಲಿ 1784ರಲ್ಲಿ ಅಮೆರಿಕದ ಸಭೆಗಳಿಗೆ ಆಂಗ್ಲಿಕನ್ನರ ಧರ್ಮಸೂತ್ರಗಳನ್ನು ಮೊಟಕುಮಾಡಿ ಕಳಿಸಿದರು. ಅದರಿಂದ ಬಂದ 25 ಸೂತ್ರಗಳಲ್ಲಿ 14ನೆಯದು ಶುದ್ಧೀಕರಣ ಸ್ಥಳ ಮತ್ತು ಕ್ಷಮಾಪತ್ರಗಳ ರೋಮನ್ ಬೋಧನೆಗೆ ಧರ್ಮಗ್ರಂಥದ ಆಧಾರವಿಲ್ಲ ಎನ್ನುತ್ತದೆ. ಕ್ಯಾಥೊಲಿಕರು ತೋರಿಸುವ ಒಂದು ಮುಖ್ಯ ಆಧಾರ 2 ಮಕ್ಕಬಿಯರ 12ನೇ ಅಧ್ಯಾಯ. ಅಲ್ಲಿ ಸತ್ತ ಸೈನಿಕರ ಪಾಪಕ್ಕಾಗಿ ಬಲಿ ಕಳಿಸಿದ ಪ್ರಸಂಗವಿದೆ. ಆದರೆ ಆ ಪುಸ್ತಕ 73 ಪುಸ್ತಕಗಳ ಕ್ಯಾಥೊಲಿಕ್ ಬೈಬಲ್ಲಿನಲ್ಲಿದೆ, 66 ಪುಸ್ತಕಗಳ ಪ್ರೊಟೆಸ್ಟೆಂಟ್ ಬೈಬಲ್ಲಿನಲ್ಲಿ ಇಲ್ಲ. ಇಬ್ಬರು ನೆಂಟರು ವಾದಕ್ಕೆ ಕೂತರೆ ಸಾಮಾನ್ಯವಾಗಿ ಇಲ್ಲೇ ಸಿಕ್ಕಿಬೀಳುತ್ತಾರೆ.

ಕ್ಯಾಥೊಲಿಕರಿಗೂ ಪ್ರೊಟೆಸ್ಟೆಂಟರಿಗೂ ಈಗ ರಾಜಿಯಾಗಿದೆಯಂತೆ, ಹೌದೇ?
— ಶಿಡ್ಲಘಟ್ಟ

ಅರ್ಧ ಆಗಿದೆ. ಮನುಷ್ಯ ನೀತಿವಂತನೆನಿಸುವುದು ತನ್ನ ಕೆಲಸದಿಂದಲ್ಲ, ಕ್ರಿಸ್ತನಲ್ಲಿಟ್ಟ ವಿಶ್ವಾಸದ ಮೂಲಕ ದೇವರ ಕೃಪೆಯಿಂದ ಎಂಬ ಮೂಲ ವಿಷಯದ ಮೇಲೆ ಕ್ಯಾಥೊಲಿಕ್ ಚರ್ಚು ಮತ್ತು ಲೂಥರನ್ ವಿಶ್ವ ಒಕ್ಕೂಟ 1999ರ ಅಕ್ಟೋಬರ್ 31ರಂದು ಔಗ್ಸ್‌ಬರ್ಗಿನಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದವು. ಮೆಥಡಿಸ್ಟರು 2006ರಲ್ಲಿ, ಸುಧಾರಿತ ಸಭೆಗಳ ಒಕ್ಕೂಟ 2017ರಲ್ಲಿ ಅದಕ್ಕೆ ಸೇರಿದವು. ಇಂಡಲ್ಜೆನ್ಸ್ ಬಗ್ಗೆ ಮಾತ್ರ ಒಪ್ಪಂದವಿಲ್ಲ. 1563ರ ಡಿಸೆಂಬರ್ 4ರಂದು ಟ್ರೆಂಟ್ ಮಹಾಸಭೆ ಅದರ ದುರುಪಯೋಗದ ಗಳಿಕೆಯನ್ನು ತೆಗೆದುಹಾಕಿ, ಬೋಧನೆಯನ್ನು ಉಳಿಸಿಕೊಂಡಿತು. ಕ್ಯಾಥೊಲಿಕರು ಇಂದಿಗೂ ಅಲ್ಲೇ ನಿಂತಿದ್ದಾರೆ, ಪ್ರೊಟೆಸ್ಟೆಂಟರು ಇಂದಿಗೂ ಅದನ್ನು ಒಪ್ಪುವುದಿಲ್ಲ. ಪರಮಪ್ರಸಾದವನ್ನು ಒಟ್ಟಿಗೆ ಸ್ವೀಕರಿಸುವ ಸ್ಥಿತಿಯೂ ಇನ್ನೂ ಬಂದಿಲ್ಲ. ದೀಕ್ಷಾಸ್ನಾನದ ವಿಷಯದಲ್ಲಿ ಹಾಗಲ್ಲ. ನೀರಿನಿಂದ, ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ಸಿಎಸ್‌ಐ ಅಥವಾ ಮೆಥಡಿಸ್ಟ್ ಸಭೆಯಲ್ಲಿ ಆಗಿದ್ದರೆ ಕ್ಯಾಥೊಲಿಕ್ ಚರ್ಚು ಅದನ್ನು ಮಾನ್ಯ ಮಾಡುತ್ತದೆ, ಮತ್ತೆ ಕೊಡುವುದಿಲ್ಲ. ಮದುವೆಯ ಕಾಗದಪತ್ರಕ್ಕೆ ಓಡಾಡುವವರು ಹಳೆಯ ಸಭೆಯಿಂದ ದೀಕ್ಷಾಸ್ನಾನದ ಪ್ರಮಾಣಪತ್ರ ತೆಗೆದುಕೊಂಡು ಹೋಗಬೇಕು.